ಬೆಂಡಿಗೋದಲ್ಲಿ ಮನೆ ತಗೊಂಡರೆ ಐವತ್ತಡಿವರೆಗೆ ಮಾತ್ರ ಭೂಮಿ ನಮ್ಮದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿ ಬೆಲೆ ಎಟುಕದೆ ಇಲ್ಲೇ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋದಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಮಾರೋರು ಆಸ್ತಿ ಬಗ್ಗೆ ಕೊಡೋ ಸೆಕ್ಷನ್ 32 ಕಾಗದ ಬಂತು. ಟೈಟಲ್‌ನಲ್ಲಿ ‘ಕ್ರೌನ್ ಅಲಾಟ್‌ಮೆಂಟ್’ ಅಂತ ಒಂದು ನಂಬರು, ‘ಪ್ಯಾರಿಷ್ ಆಫ್ ಸ್ಯಾಂಡ್‌ಹರ್ಸ್ಟ್’, ಅದರ ಕೆಳಗೆ ‘ಡೆಪ್ತ್ ಲಿಮಿಟೇಶನ್ 15.24 ಮೀಟರ್’ ಅಂತ ಇದೆ. ಏಜೆಂಟನ್ನ ಕೇಳಿದರೆ “ಈ ಊರಲ್ಲಿ ಬೇಕಾದಷ್ಟು ಮನೆಗೆ ಹಾಗೇ” ಅಂತ ನಕ್ಕ. ಹಾಸನದಲ್ಲಿರೋ ಅಪ್ಪನಿಗೆ ಫೋನಲ್ಲಿ ಓದಿ ಹೇಳಿದ್ದೇ ತಪ್ಪಾಯ್ತು. “ಸರ್ಕಾರಿ ಜಮೀನು ಕಣೋ, ಖರಾಬು ಇರಬೇಕು, ಮುಟ್ಟಬೇಡ” ಅಂತ ಪಟ್ಟು ಹಿಡಿದಿದ್ದಾರೆ. ಈ ಗುಂಪಿನಲ್ಲಿ ಕನ್ವೇಯನ್ಸಿಂಗ್ (ಆಸ್ತಿ ಕ್ರಯದ ಕಾಗದಪತ್ರದ ಕೆಲಸ) ಮಾಡೋ ಮೇಡಂ ಇದ್ದಾರೆ ಅಂತ ಗೊತ್ತಾಯ್ತು. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಅಪ್ಪನಿಗೆ ಫೋನ್ ಮಾಡಿ, ಖರಾಬಲ್ಲ ಅಂತ ಹೇಳಿಬಿಡಿ. ಮಾಮೂಲಿ ಫ್ರೀಹೋಲ್ಡೇ, ಅಂದರೆ ಸ್ವಂತ ಹಕ್ಕಿನದು. 15.24 ಮೀಟರ್ ಅಂದರೆ ಸರಿಯಾಗಿ ಐವತ್ತು ಅಡಿ. ನೆಲದಿಂದ ಅಲ್ಲಿಯವರೆಗೆ ನಿಮ್ಮದು, ಅದರ ಕೆಳಗೆ ಈಗಲೂ ಸರ್ಕಾರದ್ದು. ಮನೆ ಪಾಯ ಅಷ್ಟು ಆಳ ಹೋಗಲ್ಲ, ಈಜುಕೊಳವೂ ಹೋಗಲ್ಲ. ಬೋರ್ ಕೊರೆಸೋ ಆಸೆ ಇದ್ದರೆ ಅದಕ್ಕೆ ಹೇಗೂ ಬೇರೆ ಲೈಸೆನ್ಸ್ ಬೇಕು. ನಾನು ಮಾಡಿಸಿದ ಕೇಸುಗಳಲ್ಲಂತೂ ಬರೀ ಈ ಒಂದು ಸಾಲಿಗಾಗಿ ಯಾವ ಬ್ಯಾಂಕೂ ಸಾಲ ಕೊಡಲ್ಲ ಅಂದಿಲ್ಲ.

ಸ್ಯಾಂಡ್‌ಹರ್ಸ್ಟ್ ಅನ್ನೋದು ಬೆಂಡಿಗೋದ ಹಳೇ ಅಧಿಕೃತ ಹೆಸರು. 1891ರಲ್ಲಿ ಊರಿನ ಹೆಸರು ಬದಲಾಯ್ತು, ಪ್ಯಾರಿಷ್ (ಭೂದಾಖಲೆಯ ವಿಭಾಗ, ನಮ್ಮ ಹೋಬಳಿ ಇದ್ದ ಹಾಗೆ) ಹೆಸರು ಕಾಗದದಲ್ಲಿ ಹಾಗೇ ಉಳೀತು. ‘ಕ್ರೌನ್ ಅಲಾಟ್‌ಮೆಂಟ್’ ಅಂದರೆ ಕ್ರೌನ್ (ಅರಸೊತ್ತಿಗೆ, ಅಂದರೆ ಸರ್ಕಾರ) ಅಳೆದು ಮೊಟ್ಟಮೊದಲು ಮಾರಿದ ತುಂಡು. ನಮ್ಮಲ್ಲಿ ಮೂಲ ಸರ್ವೆ ನಂಬರು ಇದ್ದ ಹಾಗೆ ಅಂದುಕೊಳ್ಳಿ.

ಇನ್ನೊಬ್ಬರು: ಅಕ್ಕಾ, ಒಂದು ಅರ್ಥ ಆಗ್ತಿಲ್ಲ. ಬೆಂಡಿಗೋ ಅಂದರೆ ಚಿನ್ನದ ಊರು. ಕೆಳಗೆ ಚಿನ್ನ ಇದೆ ಅಂತ ಗೊತ್ತಿದ್ದೂ ಸರ್ಕಾರ ಜಮೀನನ್ನ ಜನಕ್ಕೆ ಮಾರಿದ್ದಾದರೂ ಯಾಕೆ?

ಉತ್ತರ: ಒಳ್ಳೇ ಪ್ರಶ್ನೆ. ಸರ್ಕಾರಕ್ಕೂ ಮಾರೋಕೆ ಮನಸ್ಸಿರಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದು ಕೂತ್ಕೋ.

ವಿಕ್ಟೋರಿಯಾ ಪ್ರತ್ಯೇಕ ವಸಾಹತು ಆಗಿದ್ದು 1851ರ ಜುಲೈ 1ಕ್ಕೆ. ಆ ತಿಂಗಳೇ ಚಿನ್ನದ ಸುದ್ದಿ ಬಂತು, ಆಗಸ್ಟ್‌ನಲ್ಲಿ ಗವರ್ನರ್ ಲಟ್ರೋಬ್ ಚಿನ್ನವೆಲ್ಲ ರಾಣಿಯದು ಅಂತ ಡಂಗುರ ಹೊಡೆಸಿದ. ಅದು ಅವನ ಸ್ವಂತ ಯೋಚನೆ ಏನಲ್ಲ. 1568ರಲ್ಲೇ ಇಂಗ್ಲೆಂಡಿನ ಕೋರ್ಟು, ನೆಲ ಯಾರದೇ ಇರಲಿ ಚಿನ್ನ ಬೆಳ್ಳಿ ಅರಸೊತ್ತಿಗೆಯದು ಅಂತ ತೀರ್ಪು ಕೊಟ್ಟಿತ್ತು. ಅಗೆಯೋಕೆ ತಿಂಗಳಿಗೆ 30 ಶಿಲಿಂಗ್ ಲೈಸೆನ್ಸ್. ಚಿನ್ನ ಸಿಗಲಿ ಬಿಡಲಿ, ದುಡ್ಡು ಕಟ್ಟಲೇಬೇಕು.

ಲೈಸೆನ್ಸ್ ವಿರುದ್ಧ ಗಣಿಯವರು ಎದ್ದ ಗಲಾಟೆ ಇಲ್ಲಿ ಎಲ್ಲರಿಗೂ ಗೊತ್ತು. ಇನ್ನೊಂದು ಚಿನ್ನದ ಊರು ಬ್ಯಾಲರಾಟ್‌ನಲ್ಲಿ 1854ರ ಡಿಸೆಂಬರ್ 3ರಂದು ಯುರೇಕಾ ಅನ್ನೋ ಕಡೆ ಗಣಿಯವರಿಗೂ ಸರ್ಕಾರದ ಪಡೆಗೂ ನಡುವೆ ಗುಂಡು ಹಾರಿತು. ಆದರೆ ಗಣಿಯವರ ಸಿಟ್ಟಿನಲ್ಲಿ ನೆಲದ ಪಾಲೂ ಇತ್ತು, ಅದನ್ನ ಜನ ಮರೀತಾರೆ. ಕೈಯಲ್ಲಿ ಚಿನ್ನ ಇದೆ, ಮನೆ ಕಟ್ಟೋಣ, ಆಲೂಗಡ್ಡೆ ಹಾಕೋಣ ಅಂದರೆ ಕೊಳ್ಳೋಕೆ ನೆಲ ಇಲ್ಲ. ಸುತ್ತಲಿನ ಹುಲ್ಲುಗಾವಲೆಲ್ಲ ಕುರಿ ಸಾಕೋ ಸ್ಕ್ವಾಟರ್‌ಗಳ ಕೈಲಿತ್ತು. ಉಳಿದದ್ದು ಸರ್ಕಾರಿ ಜಮೀನು. ಅದು ಹರಾಜಿಗೆ ಬಂದರೆ ಎಕರೆಗೆ ಒಂದು ಪೌಂಡಿನಿಂದ ಸವಾಲು ಶುರು, ಆದರೆ ಹರಾಜಿಗೆ ಬರೋದೇ ಅಪರೂಪ.

ಮಾರೋಕೆ ಯಾಕೆ ಹಿಂಜರಿದರು ಅಂದರೆ, ಒಂದು ಸಲ ಕ್ರಯ ಆಯ್ತೋ ಬೇಲಿ ಬೀಳುತ್ತೆ. ಬೇಲಿ ಬಿದ್ದ ಮೇಲೆ ಗಣಿಯವನು ಒಳಗೆ ಕಾಲಿಡೋ ಹಾಗಿಲ್ಲ. ಕೆಳಗಿನ ಚಿನ್ನ ಕಾನೂನು ಪ್ರಕಾರ ರಾಣಿಯದು, ಮೇಲಿನ ಬಾಗಿಲ ಬೀಗ ಮಾತ್ರ ರೈತನ ಸೊಂಟದಲ್ಲಿ. ಇಬ್ಬರಿಗೂ ದಕ್ಕಲ್ಲ. ಹಾಗಂತ ಮಾರದೇ ಇದ್ದರೆ ಜನ ಅಗೆದುಕೊಂಡು ಮುಂದಿನ ಊರಿಗೆ ಹೊರಟುಹೋಗ್ತಾರೆ, ಊರು ನಿಲ್ಲಲ್ಲ.

ಬ್ಯಾಲರಾಟ್‌ಗೆ ಹೋದರೆ ಇದು ಕಣ್ಣಿಗೇ ಕಾಣುತ್ತೆ. ಪಶ್ಚಿಮದಲ್ಲಿ ಸರ್ವೇಯರ್ ಅರ್ಕರ್ಟ್ ಮೊದಲೇ ಗೆರೆ ಹಾಕಿ ಸೈಟು ಮಾಡಿದ್ದ, ಅದಕ್ಕೇ ಸ್ಟರ್ಟ್ ಸ್ಟ್ರೀಟ್ ಮೂರು ಚೈನು (198 ಅಡಿ) ಅಗಲ, ನೂಲು ಹಿಡಿದಷ್ಟು ನೇರ. ಪೂರ್ವದಲ್ಲಿ ಡೇರೆ ಮೊದಲು ಬಂತು, ಸರ್ವೆ ಆಮೇಲೆ ಬಂತು. ಅಲ್ಲಿ ಮೇನ್ ರೋಡು ಈಗಲೂ ಹಾವಿನ ಹಾಗೆ ಹೊರಳುತ್ತೆ. ನಾನು ಮೊದಲ ಸಲ ಹೋದಾಗ ಜಿಪಿಎಸ್ ಕೆಟ್ಟಿದೆ ಅಂದುಕೊಂಡಿದ್ದೆ.

ಅದೇ ಇನ್ನೊಬ್ಬರು: ಹಾಗಾದರೆ ಕೊನೆಗೆ ಹೇಗೆ ಮಾರಿದರು?

ಉತ್ತರ: ಒಂದೇ ಸಲಕ್ಕಲ್ಲ. ಯುರೇಕಾ ಆದ ಮೇಲೆ 1855ರಲ್ಲಿ ಆ ಲೈಸೆನ್ಸ್ ತೆಗೆದು ‘ಮೈನರ್ಸ್ ರೈಟ್’ ತಂದರು. ವರ್ಷಕ್ಕೆ ಒಂದು ಪೌಂಡು. ಅಗೆಯೋ ಹಕ್ಕು, ಓಟಿನ ಹಕ್ಕು, ಜೊತೆಗೆ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಳ್ಳೋ ಹಕ್ಕು. ಈ ಮೂರನೆಯದನ್ನ ‘ರೆಸಿಡೆನ್ಸ್ ಏರಿಯಾ’ ಅಂತಿದ್ದರು. ಎಷ್ಟೋ ಕಾಲ ಅದರ ಮಿತಿ ಕಾಲು ಎಕರೆ, ನಮ್ಮ ಹತ್ತು ಗುಂಟೆ. ನೆಲ ಸರ್ಕಾರದ್ದು, ಮೇಲಿನ ಮನೆ ನಿನ್ನದು, ಮನೆ ಮಾರಬಹುದು. ಬಗರ್‌ಹುಕುಂ ನೆನಪಾಯ್ತಾ? ಹೆಚ್ಚುಕಡಿಮೆ ಹಾಗೇ. ವ್ಯತ್ಯಾಸ ಏನಂದರೆ ಇದು ಮೊದಲ ದಿನದಿಂದಲೇ ಕಾನೂನುಬದ್ಧ. ವಾಸ ಮಾಡ್ತಾ ಇದ್ದವನಿಗೇ ಆ ನೆಲ ಕೊಳ್ಳೋ ಅವಕಾಶವನ್ನ ಮುಂದಿನ ಕಾಯಿದೆಗಳು ಕೊಟ್ಟವು. ಬೆಂಡಿಗೋದ ಎಷ್ಟೋ ಗಣಿ ಕಾರ್ಮಿಕರ ಮನೆಗಳ ಮೂಲ ಇದೇ.

ಬೇಸಾಯದ ಜಮೀನಿಗೆ ಬೇರೆ ಗುದ್ದಾಟ. 1860, 1862ರ ಕಾಯಿದೆಗಳು ಬಡವನಿಗೆ ಅಂತ ಬಂದವು. 1862ರದರಲ್ಲಿ ಸ್ಕ್ವಾಟರ್‌ಗಳು ಕೂಲಿಯವರ, ನೆಂಟರ ಹೆಸರಲ್ಲಿ ಅರ್ಜಿ ಹಾಕಿಸಿ ಒಳ್ಳೇ ನೆಲ ಬಾಚಿಕೊಂಡರು. ಇಲ್ಲಿ ಅದಕ್ಕೆ ‘ಡಮ್ಮಿಯಿಂಗ್’ ಅಂತಾರೆ, ನಮ್ಮೂರಲ್ಲಿ ಬೇನಾಮಿ. 1865ರ ಗ್ರಾಂಟ್ ಕಾಯಿದೆಯ 42ನೇ ಕಲಮೇ ಚಿನ್ನದ ಸೀಮೆಗೆ ಕೀಲಿಕೈ. ಗಣಿ ಪ್ರದೇಶದ ಒಳಗೆ, ಪಕ್ಕದಲ್ಲಿ 20 ಎಕರೆವರೆಗೆ ವರ್ಷದ ಲೈಸೆನ್ಸ್ ಮೇಲೆ ಕೊಟ್ಟರು. ಬಾ, ಇರು, ಉಳು, ಆದರೆ ಚಿನ್ನ ಹುಡುಕೋನು ಬಂದರೆ ತಡೀಬೇಡ. 1869ರಲ್ಲಿ ಬಂದ ಕಾಯಿದೆ ಬೇರೆ ಕಡೆ 320 ಎಕರೆವರೆಗೆ ಕೊಟ್ಟಿತು: ಎಕರೆಗೆ ವರ್ಷಕ್ಕೆ ಎರಡು ಶಿಲಿಂಗ್, ಹತ್ತು ವರ್ಷ ಕಟ್ಟಿದರೆ ಒಂದು ಪೌಂಡು ತೀರಿತು, ಜಮೀನು ನಿಮ್ಮ ಹೆಸರಿಗೆ. ಚಿನ್ನದ ನೆಲದಲ್ಲಿ ಮಾತ್ರ ಆ ಇಪ್ಪತ್ತೆಕರೆ ಲೈಸೆನ್ಸ್ ಪದ್ಧತಿಯೇ ಮುಂದುವರೀತು. ಅಂದರೆ ನೆಲದ ಬಾಗಿಲು ತೆರೆದರು, ಚಿಲಕ ಮಾತ್ರ ಬಿಡಲಿಲ್ಲ.

ಕ್ರಯ ಆಗಿಹೋದ ಜಮೀನಿನ ಕೆಳಗಿನ ಚಿನ್ನದ ಜಗಳ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯ್ತು. 1877ರ ವೂಲಿ ಮೊಕದ್ದಮೆಯಲ್ಲಿ, ಪತ್ರದಲ್ಲಿ ಚಿನ್ನ ಅಂತ ಬಾಯಿಬಿಟ್ಟು ಬರೆಯದ ಹೊರತು ಚಿನ್ನ ಕೊಂಡವನಿಗೆ ಹೋಗಲ್ಲ ಅಂತ ತೀರ್ಮಾನ ಆಯ್ತು. ಆದರೂ ಒಳಗೆ ಹೋಗೋ ದಾರಿ ಬೇಕಲ್ಲ? ಖಾಸಗಿ ಜಮೀನಿನಲ್ಲಿ ಗಣಿಗಾರಿಕೆ ಮಾಡೋಕೆ ಕಾಯಿದೆ ಆಗಿದ್ದು 1884ರಲ್ಲಿ. ಅಲ್ಲಿಯವರೆಗೆ ಕಂಪನಿಗಳು ಜಮೀನ್ದಾರನ ಜೊತೆ ಪಾಲು ಮಾತಾಡಿಕೊಂಡು ಅಗೀತಿದ್ದವು. ತನ್ನದಲ್ಲದ ಚಿನ್ನಕ್ಕೆ ಪಾಲು ತಗೊಂಡ ಜಾಣರು!

ಇಷ್ಟೆಲ್ಲ ಪಾಠ ಕಲಿತ ಮೇಲೆ 1892ರ ಮಾರ್ಚ್ 1ರಿಂದ ಸರ್ಕಾರ ಹೊಸದಾಗಿ ಕೊಡೋ ಪತ್ರಗಳಲ್ಲಿ ಎಲ್ಲ ಖನಿಜವನ್ನೂ ತನ್ನಲ್ಲೇ ಇಟ್ಟುಕೊಂಡಿತು, ಆಳಕ್ಕೂ ಮಿತಿ ಹಾಕೋಕೆ ಶುರು ಮಾಡಿತು. ಸಾಮಾನ್ಯವಾಗಿ ಐವತ್ತಡಿ. ಮನೆ ಕೇಳಿದವರ ಟೈಟಲ್‌ನ 15.24 ಅಲ್ಲಿಂದ ಬಂದದ್ದು. ಮನೆ ಅದಕ್ಕಿಂತ ಹಳೇದಿದ್ದರೂ ಇರಬಹುದು. ಮನೆ ಮೊದಲು, ಪತ್ರ ಆಮೇಲೆ, ಅದು ಈ ಊರಿನ ಪದ್ಧತಿ.

ಕೋಲಾರದ ಕಡೆಯವರು: ಮೇಡಂ, ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. ನಮ್ಮ ತಾತ ಗಣಿಯಲ್ಲಿದ್ದರು. ಅಲ್ಲಿ ಯಾಕೆ ಹೀಗೆ ಯಾರಿಗೂ ಜಾಗ ಸಿಗಲಿಲ್ಲ? ಲೈನ್ ಮನೆಗಳಲ್ಲೇ ಮೂರು ತಲೆಮಾರು ಕಳೀತು.

ಉತ್ತರ: ಅಣ್ಣ, ಇದನ್ನ ನಾನೂ ತುಂಬ ಯೋಚಿಸಿದ್ದೀನಿ. ಕೋಲಾರದಲ್ಲಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ ಲವೆಲ್ ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದ ಸೈನಿಕ. ಹಾಗಾಗಿ ಈ ಕಡೆಯ ಗಾಳಿ ಅಲ್ಲಿಗೂ ಬೀಸಿತ್ತು. ಆದರೆ ಅಲ್ಲಿ ಬಂದದ್ದು ಗುತ್ತಿಗೆ ಪದ್ಧತಿ. ನೆಲ ಸರ್ಕಾರದ್ದು, ಗುತ್ತಿಗೆ ಕಂಪನಿಯದು, 1880ರ ನಂತರ ಜಾನ್ ಟೇಲರ್ ಕಂಪನಿ. ಕಾರ್ಮಿಕನಿಗೆ ಕೂಲಿ, ಜೊತೆಗೆ ಕಂಪನಿ ಕೊಟ್ಟ ಲೈನ್ ಮನೆ. ಇಲ್ಲಿ ಒಂದು ಪೌಂಡು ಕೊಟ್ಟವನು ತಾನೇ ಗಣಿಯವನು, ತಾನೇ ಮತದಾರ. ಓಟು ಇದ್ದವನ ಕೂಗು ಶಾಸನಸಭೆಗೆ ಮುಟ್ಟಿತು, ನೆಲ ಸಿಕ್ಕಿತು. ನಮ್ಮವರ ಕೈಲಿ ಆ ಚೀಟಿ ಇರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ, ಎಷ್ಟೋ ಮನೆಯವರಿಗೆ ಕಾಲ ಕೆಳಗಿನ ನೆಲವೂ ತಮ್ಮದಾಗಿರಲಿಲ್ಲ.

ಮತ್ತೊಬ್ಬರು: ಕ್ರೌನ್ ಲ್ಯಾಂಡ್ ಕ್ರೌನ್ ಲ್ಯಾಂಡ್ ಅಂತೀರಲ್ಲ, ಕ್ರೌನ್‌ಗೆ ಮಾರಿದ್ದು ಯಾರು?

ಉತ್ತರ: ಯಾರೂ ಇಲ್ಲ. ಬೆಂಡಿಗೋ ಜಾ ಜಾ ವುರುಂಗ್ ಜನರ ನೆಲ, ಬ್ಯಾಲರಾಟ್ ವಾದವುರುಂಗ್ ಜನರದು. ಅವರಿಂದ ಕೊಂಡಿದ್ದಲ್ಲ, ಅವರಿಗೆ ಹರಾಜಿನ ದುಡ್ಡಿನಲ್ಲಿ ಪಾಲೂ ಇರಲಿಲ್ಲ. 2013ರಲ್ಲಿ ರಾಜ್ಯ ಸರ್ಕಾರ ಜಾ ಜಾ ವುರುಂಗ್ ಸಮುದಾಯದ ಜೊತೆ ಒಪ್ಪಂದ ಮಾಡಿಕೊಂಡು ಅವರನ್ನ ಮೂಲ ಒಡೆಯರು ಅಂತ ಗುರುತಿಸಿತು. ಅದು ಸರ್ಕಾರದ ಕೈಲಿ ಉಳಿದ ಜಮೀನಿಗೆ ಸಂಬಂಧಿಸಿದ್ದು, ಫ್ರೀಹೋಲ್ಡ್ ಮನೆಗಳ ಟೈಟಲ್ ಅದರಿಂದ ಅಲುಗಾಡಲ್ಲ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಹಳೇ ಪ್ಲಾನಿನಲ್ಲಿ ‘0-1-8’ ಅಂತ ಇದೆ, ಅದೇನು? ಮತ್ತೆ, ನಾಳೆ ಯಾರಾದರೂ ಚಿನ್ನಕ್ಕೆ ಅಂತ ನಮ್ಮ ಹಿತ್ತಲಿಗೆ ಬಂದರೆ?

ಉತ್ತರ: ಅದು ಎಕರೆ, ರೂಡ್, ಪರ್ಚ್. ಕಾಲು ಎಕರೆಗೆ ಒಂದು ರೂಡ್, ರೂಡಿಗೆ 40 ಪರ್ಚ್. ನಿಮ್ಮದು 48 ಪರ್ಚ್ ಆಯ್ತು. ನಾಲ್ಕು ಪರ್ಚಿಗೆ ಸರಿಯಾಗಿ ಒಂದು ಗುಂಟೆ, ಅಂದರೆ ಹನ್ನೆರಡು ಗುಂಟೆ. ಇಲ್ಲಿ ಅಳೆದದ್ದು 66 ಅಡಿ ಚೈನಿನಲ್ಲಿ, ನಮ್ಮಲ್ಲಿ 33 ಅಡಿ ಚೈನು, ಅದಕ್ಕೇ ಲೆಕ್ಕ ಇಷ್ಟು ಚೆನ್ನಾಗಿ ಕೂಡುತ್ತೆ. ಅಪ್ಪನಿಗೆ ಗುಂಟೆಯಲ್ಲೇ ಹೇಳಿ.

ಹಿತ್ತಲ ಚಿಂತೆ ಬೇಡ. ಮನೆಯಿಂದ 100 ಮೀಟರ್ ಒಳಗೆ ಮನೆಯವರ ಒಪ್ಪಿಗೆ ಇಲ್ಲದೆ ಗಣಿ ಕೆಲಸ ಮಾಡೋ ಹಾಗಿಲ್ಲ. ಮೈನರ್ಸ್ ರೈಟ್ ಈಗಲೂ ಇದೆ, ಹತ್ತು ವರ್ಷಕ್ಕೆ ಕೊಡ್ತಾರೆ. ಅದನ್ನ ಹಿಡಿದು ಡಿಟೆಕ್ಟರ್ ತಂದವನೂ ನಿಮ್ಮನ್ನ ಕೇಳಿಯೇ ಗೇಟು ದಾಟಬೇಕು.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಐವತ್ತಡಿ ಕೆಳಗಿನದು ಬಿಟ್ಟು ಮೇಲಿನ ಐದಡಿ ನೋಡ್ತಿದ್ದೆ. ಊರ ತುಂಬ ಹಳೇ ಶಾಫ್ಟುಗಳು (ಗಣಿಯ ಬಾವಿಗಳು), ಕೆಲವನ್ನ ಮರದ ದಿಮ್ಮಿ ಹಾಕಿ ಮಣ್ಣು ಮುಚ್ಚಿ ಬಿಟ್ಟಿದ್ದಾರೆ. ಜಿಯೋವಿಕ್ ಅಂತ ಸರ್ಕಾರದ ನಕ್ಷೆ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಗೊತ್ತಿರೋ ಶಾಫ್ಟುಗಳನ್ನ ಅದರಲ್ಲಿ ಗುರುತು ಹಾಕಿದ್ದಾರೆ. ನಕ್ಷೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ನೆಲದಲ್ಲಿ ಇಲ್ಲ ಅಂತಲ್ಲ. ಹಿತ್ತಲಲ್ಲಿ ಎಲ್ಲಾದರೂ ಬೋಗುಣಿ ಹಾಗೆ ತಗ್ಗು ಕಂಡರೆ ಎಂಜಿನಿಯರ್ ಕರೆಸಿ. ಇನ್ನೊಂದು ಮಣ್ಣು. ಇಲ್ಲಿನ ಅದಿರಿನಲ್ಲಿ ಆರ್ಸೆನಿಕ್ ಸಹಜವಾಗೇ ಇದೆ, ಅದಿರು ಕುಟ್ಟಿ ಉಳಿದ ಮರಳನ್ನ ಆಗಿನವರು ಅಂಗಳ ಸಮ ಮಾಡೋಕೆ ಎಲ್ಲೆಂದರಲ್ಲಿ ಹರಡಿದ್ದಾರೆ. ಕೆಜಿಎಫ್ ಅಣ್ಣನಿಗೆ ಸೈನೈಡ್ ದಿಬ್ಬ ಅಂದರೆ ಸಾಕು, ಅರ್ಥ ಆಗುತ್ತೆ. ಮಣ್ಣು ಪರೀಕ್ಷೆ ಮಾಡಿಸಿ, ಫಲಿತಾಂಶ ಬರೋವರೆಗೆ ಸೊಪ್ಪು ತರಕಾರಿ ಹಾಕಬೇಡಿ. ಸಹಿ ಹಾಕೋ ಮುಂಚೆ ನಿಮ್ಮ ಕನ್ವೇಯನ್ಸರ್‌ಗೆ ಪೂರ್ತಿ ಕಾಗದ ತೋರಿಸಿ, ನಾನು ಇಲ್ಲಿ ನೋಡಿದ್ದು ನೀವು ಬರೆದ ಮೂರು ಸಾಲು ಮಾತ್ರ.

ಮೊದಲು ಕೇಳಿದವರು: ಅಪ್ಪನಿಗೆ ಹನ್ನೆರಡು ಗುಂಟೆ ಅಂತ ಹೇಳಿದೆ ಮೇಡಂ. “ಊರೊಳಗೆ ಹನ್ನೆರಡು ಗುಂಟೆಯಾ? ಇನ್ನೂ ಏನು ನೋಡ್ತಿದ್ದೀಯ?” ಅಂದರು. ಈಗ ಜಿಯೋವಿಕ್ ತೆಗೆದು ಕೂತಿದ್ದೀನಿ. ಪಕ್ಕದ ಮನೆ ಗ್ಯಾರೇಜಿನ ಮೇಲೆ ಒಂದು ಚುಕ್ಕಿ ಇದೆ, ನಮ್ಮ ಬೇಲಿಗೆ ತೀರಾ ಹತ್ತಿರ.

ಉತ್ತರ: ಆ ಚುಕ್ಕಿಗಳು ನಿಜವಾದ ಜಾಗಕ್ಕಿಂತ ಆಚೀಚೆ ಇರಬಹುದು. ಹಾಗಾಗಿ ಅದು ನಿಮ್ಮದೂ ಆಗಬಹುದು. ಎಂಜಿನಿಯರ್ ವರದಿ ತೃಪ್ತಿಕರವಾಗಿದ್ದರೆ ಮಾತ್ರ ಅನ್ನೋ ಷರತ್ತನ್ನ ಕರಾರಿನಲ್ಲಿ ಸೇರಿಸಲಿಕ್ಕೆ ಹೇಳಿ, ಆಮೇಲೆ ಸಹಿ.