ಹ್ಯಾಮಕ್‌ನ ಅಡಿಗೆ ಕಟ್ಟುವ ರಜಾಯಿ: ಎರಡು ಪದರ ವಾಡಿಂಗ್ ಹಾಕಿದರೂ ಬೆನ್ನಿಗೆ ಚಳಿ

ಪ್ರಶ್ನೆ (ಕಕ್ಕಬ್ಬೆಯಿಂದ):

ಎಲ್ಲರಿಗೂ ನಮಸ್ಕಾರ. ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಕಾಫಿ ತೋಟದಲ್ಲಿ, ಎರಡು ಸಿಲ್ವರ್ ಓಕ್ ಮರಗಳ ನಡುವೆ ಹ್ಯಾಮಕ್ ಕಟ್ಟಿ ಮಲಗುವ ಅಭ್ಯಾಸ ನನಗಿದೆ. ಜನವರಿಯಲ್ಲಿ ಬೆನ್ನು ಕೊರೆಯುತ್ತದೆಂದು, ಅಡಿಯಿಂದ ತೂಗುಹಾಕುವ ರಜಾಯಿಯೊಂದನ್ನು ಮನೆಯ ಯಂತ್ರದಲ್ಲೇ ಹೊಲಿದೆ. ಒಳಗೆ ತೆಳು ನೈಲಾನ್, ಹೊರಗೆ ಇಬ್ಬನಿ ತಡೆಯಲೆಂದು ಲೇಪವಿರುವ ಕೊಡೆ ಬಟ್ಟೆ, ನಡುವೆ ಎರಡು ಪದರ ಪಾಲಿಯೆಸ್ಟರ್ ವಾಡಿಂಗ್ (ರಜಾಯಿಯೊಳಗೆ ತುಂಬುವ, ಹತ್ತಿಯಂತೆ ಉಬ್ಬಿದ ಎಳೆಗಳ ಹಾಸು). ವಾಡಿಂಗ್ ಸರಿಯದಿರಲೆಂದು ನಾಲ್ಕು ನಾಲ್ಕು ಅಂಗುಲಕ್ಕೊಂದು ಉದ್ದ ಹೊಲಿಗೆ ಹಾಕಿದ್ದೇನೆ. ಆದರೂ ಕಳೆದ ವಾರ, ಉಷ್ಣಮಾಪಕ 12 ಡಿಗ್ರಿ ತೋರಿಸುತ್ತಿದ್ದ ರಾತ್ರಿ, ಎರಡು ಗಂಟೆಗೇ ಎದ್ದು ಮನೆಗೆ ಬರಬೇಕಾಯಿತು. ಬೆಳಿಗ್ಗೆ ನೋಡಿದರೆ ಕೊಡೆ ಬಟ್ಟೆಯ ಒಳಮೈ ತೇವವಾಗಿತ್ತು. ಮೂರನೆಯ ಪದರ ಸೇರಿಸಿದರೆ ಸರಿಹೋದೀತೇ?

ಉತ್ತರ (ಸೋಮವಾರಪೇಟೆಯಿಂದ):

ದಯವಿಟ್ಟು ಈಗಲೇ ಮೂರನೆಯ ಪದರಕ್ಕೆ ಹಣ ಹಾಕಬೇಡಿ. 12 ಡಿಗ್ರಿಗೆ ನಿಮ್ಮ ಎರಡು ಪದರವೇ ಸಾಲಬೇಕು. ಅದು ತನ್ನ ಕೆಲಸ ಮಾಡಲು ಆಗದಂತೆ ಮೂರು ಕಡೆ ಅಡ್ಡಿಯಾಗಿದೆ ಎಂದು ನನಗನ್ನಿಸುತ್ತದೆ.

ಮೊದಲನೆಯದು ಆ ಉದ್ದ ಹೊಲಿಗೆಗಳು. ಬೆಚ್ಚಗಿಡುವುದು ಎಳೆಗಳ ನಡುವೆ ನಿಂತಿರುವ ಗಾಳಿಯೇ ಹೊರತು ಪಾಲಿಯೆಸ್ಟರ್ ಅಲ್ಲ. ನಮ್ಮ ಮೈಭಾರಕ್ಕೆ ಅದು ಚಪ್ಪಟೆಯಾಗದಿರಲೆಂದೇ ರಜಾಯಿಯನ್ನು ಹಾಸಿಕೊಳ್ಳದೆ ಅಡಿಗೆ ತೂಗುಹಾಕುತ್ತೇವೆ. ಹೊಲಿಗೆ ಹಾದುಹೋದ ಕಡೆಯೆಲ್ಲ, ಎರಡು ಪದರ ಸೇರಿ ಎರಡಂಗುಲ ದಪ್ಪವಿರುವ ವಾಡಿಂಗ್ ಕಾಗದದಷ್ಟು ತೆಳುವಾಗಿ, ಅಲ್ಲೊಂದು ಚಳಿಯ ಗೆರೆ ಮೂಡುತ್ತದೆ. ಅವನ್ನು ಬಿಚ್ಚಿ, ಹಾಸಿಗೆ ಹೊಲಿಯುವವರು ಹಾಕುವಂತೆ ಒಂಬತ್ತು ಹತ್ತು ಅಂಗುಲಕ್ಕೊಂದು ಗಂಟನ್ನು ಕೈಯಿಂದ ಸಡಿಲವಾಗಿ ಹಾಕಿ. ದಾರ ವಾಡಿಂಗನ್ನು ಹಿಡಿದಿರಬೇಕು, ಅದುಮಬಾರದು. ನೈಲಾನಿನಲ್ಲಿ ಉಳಿಯುವ ಸೂಜಿ ತೂತುಗಳನ್ನು ಉಗುರಿನಿಂದ ಮೆಲ್ಲಗೆ ಉಜ್ಜಿದರೆ ಎಳೆಗಳು ಕೂಡಿಕೊಂಡು ಬಹುತೇಕ ಮುಚ್ಚಿಹೋಗುತ್ತವೆ.

ಎರಡನೆಯದು ಕೊಡೆ ಬಟ್ಟೆ. ರಾತ್ರಿಯಿಡೀ ಮೈಯಿಂದ ಹೊರಡುವ ಆವಿ ಆ ಲೇಪವನ್ನು ದಾಟಲಾರದೆ, ಅದರ ತಣ್ಣನೆಯ ಒಳಮೈಯಲ್ಲೇ ನೀರಾಗಿದೆ. ನೀವು ಕಂಡ ತೇವ ಇಬ್ಬನಿಯದಲ್ಲ, ನಿಮ್ಮದೇ ಬೆವರಿನದು. ಅದರ ಬದಲು ಲೇಪವಿಲ್ಲದ ರಿಪ್‌ಸ್ಟಾಪ್ ನೈಲಾನ್ (ಹರಕು ಹಬ್ಬದಂತೆ ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದ ಬಟ್ಟೆ) ಹಾಕಿ, ಇಬ್ಬನಿ ಮತ್ತು ಮಳೆಯನ್ನು ಮೇಲಿನ ಟಾರ್ಪಾಲಿಗೆ ಬಿಡಿ. ಅದನ್ನು ಹೊಲಿಯಲು 11ನೇ ನಂಬರಿನ ಹೊಸ ಸೂಜಿ ಮತ್ತು ಪಾಲಿಯೆಸ್ಟರ್ ದಾರ ಸಾಕು. ಗುಂಡುಪಿನ್ನಿನ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಬಳಸಿ.

ಮೂರನೆಯದೇ ಮುಖ್ಯ, ಹೆಚ್ಚಿನವರು ನೋಡದೆ ಬಿಡುವುದೂ ಅದನ್ನೇ. ನೀವು ಹ್ಯಾಮಕ್‌ನಲ್ಲಿ ಮಲಗಿ, ಮನೆಯವರೊಬ್ಬರಿಗೆ ಸೊಂಟದ ನೇರಕ್ಕೆ ಹ್ಯಾಮಕ್‌ಗೂ ರಜಾಯಿಗೂ ನಡುವೆ ಅಂಗೈ ತೂರಿಸಲು ಹೇಳಿ. ಕೈಯ ಎರಡೂ ಬದಿಗೆ ಬಟ್ಟೆ ತಾಗಿಕೊಂಡೇ ಇದ್ದರೆ ಸರಿ. ಕೈ ಸಲೀಸಾಗಿ ಒಳಹೋಗಿ ಆಚೀಚೆ ಆಡಿದರೆ, ಆ ಸಂದಿನಲ್ಲಿ ರಾತ್ರಿಯಿಡೀ ತಣ್ಣನೆಯ ಗಾಳಿ ಓಡಾಡುತ್ತದೆ, ಮೂರಲ್ಲ ಐದು ಪದರ ಹಾಕಿದರೂ ಪ್ರಯೋಜನವಿಲ್ಲ. ಒಳ, ಹೊರ ಬಟ್ಟೆಗಳನ್ನು ಒಂದೇ ಅಳತೆಗೆ ಕತ್ತರಿಸಿದ್ದೀರಾ?

ಪ್ರಶ್ನೆ ಕೇಳಿದವರು:

ಹೌದು, ಎರಡೂ ಒಂದೇ ಅಳತೆ. ನನ್ನ ತಂಗಿ ಕೈ ಹಾಕಿ ನೋಡಿದಳು. ಭುಜದ ಬಳಿ ಬಿಗಿಯಾಗಿಯೇ ಇದೆ, ಸೊಂಟದ ಕೆಳಗೆ ಮಾತ್ರ ಅವಳ ಮುಷ್ಟಿಯೇ ಹಿಡಿಸುವಷ್ಟು ಜಾಗವಿದೆ.

ಉತ್ತರ (ಸೋಮವಾರಪೇಟೆಯಿಂದ):

ಹಾಗಾದರೆ ದೋಷ ಸಿಕ್ಕಿತು. ರಜಾಯಿ ಮೈಯಡಿಯಲ್ಲಿ ಅರ್ಧ ವೃತ್ತದಂತೆ ಬಾಗಿದಾಗ, ಹೊರಗಿನ ಬಟ್ಟೆ ದೊಡ್ಡ ಸುತ್ತನ್ನು ಬಳಸಿ ಬರಬೇಕಾಗುತ್ತದೆ. ಪೂರ್ತಿ ಅರ್ಧ ವೃತ್ತಕ್ಕೆ ಲೆಕ್ಕ ಹಾಕಿದರೆ, ವಾಡಿಂಗ್‌ನ ದಪ್ಪದ ಮೂರು ಪಟ್ಟಿಗಿಂತ ತುಸು ಹೆಚ್ಚು ಅಗಲ ಅದಕ್ಕೆ ಬೇಕು. ಎರಡಂಗುಲ ದಪ್ಪಕ್ಕೆ ಸುಮಾರು ಆರಂಗುಲ. ಅಷ್ಟು ಹೆಚ್ಚಿಲ್ಲದಿದ್ದರೆ ಹೊರ ಬಟ್ಟೆ ಬಿಗಿದು ವಾಡಿಂಗನ್ನು ಅದುಮುತ್ತದೆ, ಒಳ ಬಟ್ಟೆ ಸುಕ್ಕಾಗಿ ಮೈಯಿಂದ ದೂರ ನಿಲ್ಲುತ್ತದೆ. ಹೇಗೂ ಹೊರ ಬಟ್ಟೆ ಬದಲಿಸುತ್ತಿದ್ದೀರಲ್ಲ, ಅದನ್ನು ಆರಂಗುಲ ಅಗಲವಾಗಿ ಕತ್ತರಿಸಿ, ಎರಡೂ ತುದಿಗಳಲ್ಲಿ ಹೆಚ್ಚಾದುದನ್ನು ರವಿಕೆಗೆ ಡಾರ್ಟ್ ಹಿಡಿಯುವಂತೆ ಹಿಡಿದು ಒಳ ಬಟ್ಟೆಗೆ ಸೇರಿಸಿ. ಆಮೇಲೆ ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಆ ತುದಿಗಳನ್ನು ಮಡಿಚಿ ಹೊಲಿದು ದಾರ ಹಾಕಿ. ಮಲಗುವ ಮುನ್ನ ಅದನ್ನು ಎಳೆದರೆ ಭುಜ ಮತ್ತು ಕಾಲಿನ ಕಡೆಯ ಬಾಯಿ ಮುಚ್ಚುತ್ತದೆ.

ತೂಗುವ ಇಲಾಸ್ಟಿಕ್ ಹಗ್ಗವನ್ನು ಮಾತ್ರ ಅತಿಯಾಗಿ ಬಿಗಿಯಬೇಡಿ. ಬಿಗಿದಷ್ಟೂ ವಾಡಿಂಗ್ ಚಪ್ಪಟೆಯಾಗುತ್ತದೆ. ಇನ್ನೊಂದು ಮಾತು, ತೋಟದವರೇ ಆದ್ದರಿಂದ ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ: ಮೆಣಸಿನ ಬಳ್ಳಿ ಹಬ್ಬಿರುವ ಮರಕ್ಕೆ ಹ್ಯಾಮಕ್‌ನ ಪಟ್ಟಿ ಕಟ್ಟಬೇಡಿ, ಒಂದು ರಾತ್ರಿಯ ಭಾರಕ್ಕೆ ಬಳ್ಳಿ ಜಜ್ಜಿಹೋಗುತ್ತದೆ.

ಪ್ರಶ್ನೆ ಕೇಳಿದವರು:

ನೀವು ಹೇಳಿದಂತೆಯೇ ಮಾಡಿದೆ. ನಿನ್ನೆ ರಾತ್ರಿ 11 ಡಿಗ್ರಿ ಇತ್ತು; ಬೆಳಿಗ್ಗೆ ಆರೂವರೆಯವರೆಗೆ ಎಚ್ಚರವಾಗಲಿಲ್ಲ, ಒಳಮೈಯೂ ಒಣಗಿತ್ತು. ಪಾದಕ್ಕೆ ಮಾತ್ರ ಸ್ವಲ್ಪ ಚಳಿ ತಾಗಿತು, ಏಕೆಂದರೆ ರಜಾಯಿಯ ಉದ್ದ ಮೊಣಕಾಲಿನಿಂದ ಒಂದು ಗೇಣು ಕೆಳಕ್ಕೆ ಮುಗಿಯುತ್ತದೆ. ಬಿಚ್ಚಿದ ಕೊಡೆ ಬಟ್ಟೆ ಹಾಗೆಯೇ ಇದೆ, ಅದನ್ನು ಅಲ್ಲಿಗೆ ಬಳಸಬಹುದೇ?

ಉತ್ತರ (ಸೋಮವಾರಪೇಟೆಯಿಂದ):

ಅದು ಬೇಡ. ಉಳಿದ ವಾಡಿಂಗ್ ತುಂಡಿಗೆ ಎರಡೂ ಕಡೆ ನೈಲಾನ್ ಹೊಲಿದು, ಹ್ಯಾಮಕ್‌ನೊಳಗೆ ಪಾದದಡಿ ಹಾಕಿಕೊಳ್ಳಿ. ಅಲ್ಲಿ ಭಾರ ಕಡಿಮೆಯಾದ್ದರಿಂದ ಹಾಸಿಕೊಂಡರೂ ಅದು ಹೆಚ್ಚು ಚಪ್ಪಟೆಯಾಗುವುದಿಲ್ಲ.