ಇಂಗ್ಲಿಷ್ ವಾಕ್ಯದಲ್ಲಿ ಸ್ವತಂತ್ರ ಯಾವುದು, ಅಧೀನ ಯಾವುದು: ಪ್ರಶ್ನೋತ್ತರ

ಪ್ರಶ್ನೆ (ಪದವಿ ವಿದ್ಯಾರ್ಥಿನಿ): ಪೂರ್ಣ ಅರ್ಥ ಕೊಟ್ಟರೆ ಇಂಡಿಪೆಂಡೆಂಟ್ ಕ್ಲಾಝ್ (ಸ್ವತಂತ್ರ ಉಪವಾಕ್ಯ, ಅಂದರೆ ತಾನೇ ವಾಕ್ಯವಾಗಿ ನಿಲ್ಲಬಲ್ಲ ಭಾಗ), ಕೊಡದಿದ್ದರೆ ಡಿಪೆಂಡೆಂಟ್ (ಅಧೀನ) ಅಂತ ನೋಟ್ಸ್‌ನಲ್ಲಿದೆ. ‘ಹಿ ಡಿಡ್ ಇಟ್’ ಅಂದರೆ ಯಾರು, ಏನು ಮಾಡಿದ ಅಂತಲೇ ತಿಳಿಯಲ್ಲ, ಆದರೂ ಅದು ಇಂಡಿಪೆಂಡೆಂಟ್. ‘ಬಿಕಾಸ್ ಶಿ ಹ್ಯಾಡ್ ಫೀವರ್’ ಅಂದರೆ ಎಲ್ಲ ತಿಳಿಯುತ್ತೆ, ಅದು ಡಿಪೆಂಡೆಂಟ್. ಗುರುತಿಸೋಕೆ ಗಟ್ಟಿ ವಿಧಾನ ಇದೆಯಾ?

ಉತ್ತರ (ಇಂಗ್ಲಿಷ್ ಬೋಧಕಿ): ನಿಮ್ಮ ಸಂಶಯ ಸರಿ. ‘ಪೂರ್ಣ ಅರ್ಥ’ ಅನ್ನೋ ಅಳತೆಗೋಲು ಕೈಕೊಡುತ್ತದೆ, ರಚನೆ ನೋಡಿ. ಮೊದಲು ಕಾಲಸೂಚಕ ಕ್ರಿಯಾಪದವನ್ನೂ ಅದರ ಕರ್ತೃವನ್ನೂ ಗೆರೆ ಹಾಕಿ ಗುರುತಿಸಿ. ‘ಡಿಡ್’, ‘ಹ್ಯಾಡ್’, ‘ಈಸ್’ ಕಾಲ ಹೇಳುತ್ತವೆ. ‘ಟು ಗೋ’, ಒಂಟಿ ‘ಗೋಯಿಂಗ್’ ಹೇಳುವುದಿಲ್ಲ. ಆಮೇಲೆ ಆ ಭಾಗದ ತಲೆಯಲ್ಲಿ ‘ಬಿಕಾಸ್, ಇಫ್, ವೆನ್, ಆಲ್ದೋ, ದಟ್, ಹೂ, ವಿಚ್’ ಥರದ ಪದವಿದೆಯಾ ನೋಡಿ. ಇದ್ದರೆ ಅಧೀನ. ಕೊನೆಗೆ ಹೌದು-ಇಲ್ಲ ಪ್ರಶ್ನೆ ಮಾಡಿ ನೋಡಿ: ‘ಡಿಡ್ ಹಿ ಡೂ ಇಟ್?’ ಆಗುತ್ತದೆ. ‘ಬಿಕಾಸ್ ಡಿಡ್ ಶಿ ಹ್ಯಾವ್ ಫೀವರ್?’ ಆಗುವುದಿಲ್ಲ.

ನಮಗೆ ಇದು ತೊಡಕಾಗುವುದಕ್ಕೆ ಕಾರಣ ಕನ್ನಡದಲ್ಲೇ ಇದೆ. ‘ಮಳೆ ಬಂದರೆ’, ‘ಮಳೆ ಬಂದಾಗ’, ‘ಮಳೆ ಬಂದರೂ’ ಅನ್ನುವಾಗ ಅಧೀನದ ಗುರುತು ಕ್ರಿಯಾಪದದ ಬಾಲದಲ್ಲಿದೆ. ವ್ಯಾಕರಣದಲ್ಲಿ ಸಾಪೇಕ್ಷ ಕ್ರಿಯೆ ಅಂತ ಓದಿದ್ದು ಇದನ್ನೇ. ಆ ರೂಪ ಕೇಳಿದ ಕೂಡಲೇ ಮಾತು ಮುಗಿದಿಲ್ಲ ಅಂತ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷ್‌ನ ‘ಇಫ್ ಇಟ್ ರೇನ್ಸ್’ನಲ್ಲಿ ‘ರೇನ್ಸ್’ ಸ್ವತಂತ್ರ ವಾಕ್ಯದ ಕ್ರಿಯಾಪದದ ಹಾಗೇ ಇದೆ. ಅಧೀನ ಮಾಡಿದ್ದು ತಲೆಯಲ್ಲಿರುವ ‘ಇಫ್’ ಒಂದೇ. ಕನ್ನಡದಲ್ಲಿ ಬಾಲ ನೋಡುವವರು ಇಂಗ್ಲಿಷ್‌ನಲ್ಲಿ ತಲೆ ನೋಡಬೇಕು.

ಮರುಪ್ರಶ್ನೆ: ‘ಐ ಡಿಡ್ ನಾಟ್ ಕಮ್. ಬಿಕಾಸ್ ಐ ಹ್ಯಾಡ್ ಫೀವರ್.’ ಇದಕ್ಕೆ ಯಾಕೆ ಕೆಂಪು ಗೆರೆ?

ಉತ್ತರ (ಬೋಧಕಿ): ‘ನಾನು ಬರಲಿಲ್ಲ. ಏಕೆಂದರೆ ಜ್ವರವಿತ್ತು’ ಅನ್ನುವುದು ಕನ್ನಡದಲ್ಲಿ ಶುದ್ಧವಾಗಿದೆ, ಏಕೆಂದರೆ ‘ಏಕೆಂದರೆ’ ಹೊಸ ವಾಕ್ಯ ಶುರುಮಾಡಬಲ್ಲದು. ಬರಹದ ಇಂಗ್ಲಿಷ್‌ನಲ್ಲಿ ‘ಬಿಕಾಸ್’ಗೆ ಆ ಅಧಿಕಾರವಿಲ್ಲ. ಅದು ಹತ್ತಿರವಿರುವುದು ‘ಜ್ವರ ಇದ್ದುದರಿಂದ’ ಅನ್ನುವುದಕ್ಕೆ. ಅಷ್ಟನ್ನೇ ಬರೆದು ಪೂರ್ಣವಿರಾಮ ಹಾಕುತ್ತೀರಾ? ಹಾಗೇ ಇದೂ. ಮಾತಿನಲ್ಲಿ ‘ವೈ?’ ಅಂದವರಿಗೆ ‘ಬಿಕಾಸ್ ಐ ಹ್ಯಾಡ್ ಫೀವರ್’ ಅಂದರೆ ತಪ್ಪಿಲ್ಲ. ಪರೀಕ್ಷೆಯಲ್ಲೂ ಅರ್ಜಿಯಲ್ಲೂ ಬೇಡ.

ಇನ್ನೊಬ್ಬರ ಪ್ರಶ್ನೆ: ‘ಆಲ್ದೋ ಹಿ ಈಸ್ ರಿಚ್, ಬಟ್ ಹಿ ಈಸ್ ಅನ್‌ಹ್ಯಾಪಿ’ ಯಾಕೆ ತಪ್ಪು? ‘ಐ ವೆಂಟ್ ಟು ದ ಬ್ಯಾಂಕ್, ಇಟ್ ವಾಸ್ ಕ್ಲೋಸ್ಡ್’ ಕೂಡ ತಪ್ಪಂತೆ.

ಉತ್ತರ (ಪ್ರತಿ ತಿದ್ದುವ ಸಂಪಾದಕ): ಎರಡಕ್ಕೂ ಒಂದೇ ಲೆಕ್ಕ. ಕಾಲಸೂಚಕ ಕ್ರಿಯಾಪದಗಳನ್ನು ಎಣಿಸಿ, ಅದರಲ್ಲಿ ಒಂದು ಕಳೆಯಿರಿ; ಉಳಿದಷ್ಟೇ ಕೊಂಡಿಗಳು (ಭಾಗಗಳನ್ನು ಜೋಡಿಸುವ ಪದಗಳು) ಬೇಕು. ಮೊದಲನೆಯದರಲ್ಲಿ ಕ್ರಿಯೆ 2, ಕೊಂಡಿಯೂ 2 (‘ಆಲ್ದೋ’, ‘ಬಟ್’), ಒಂದು ಹೆಚ್ಚಾಯಿತು. ಯಾವುದಾದರೂ ಒಂದನ್ನು ತೆಗೆಯಿರಿ. ಎರಡನೆಯದರಲ್ಲಿ ಕ್ರಿಯೆ 2, ಕೊಂಡಿ 0. ಇಂಗ್ಲಿಷ್ ಅಲ್ಪವಿರಾಮ ಕೊಂಡಿಯಲ್ಲ, ಎರಡು ಸ್ವತಂತ್ರ ಭಾಗಗಳ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ‘ಬಟ್’ ಸೇರಿಸಿ, ಇಲ್ಲವೇ ಅರ್ಧವಿರಾಮ ಅಥವಾ ಪೂರ್ಣವಿರಾಮ ಹಾಕಿ.

ಸಮನಾಗಿ ಜೋಡಿಸುವ ಕೊಂಡಿಗಳು ಏಳೇ: ‘ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ’. ‘ಹೌಎವರ್’, ‘ದೇರ್‌ಫೋರ್’ ಈ ಪಟ್ಟಿಯಲ್ಲಿಲ್ಲ; ಎರಡು ಸ್ವತಂತ್ರ ಭಾಗಗಳ ನಡುವೆ ಅವು ಬಂದರೆ ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕೇ ಬೇಕು. ನನ್ನ ಕೈಗೆ ಬರುವ ಪ್ರತಿಗಳಲ್ಲಿ ‘ಹೌಎವರ್’ ಹಿಂದಿನ ಒಂಟಿ ಅಲ್ಪವಿರಾಮವೇ ಹಟಮಾರಿ ತಪ್ಪು.

ಅಧೀನ ಭಾಗ ವಾಕ್ಯದ ಮೊದಲಿಗೆ ಬಂದರೆ ಅದರ ಕೊನೆಗೆ ಅಲ್ಪವಿರಾಮ. ಸ್ವತಂತ್ರ ಭಾಗದ ನಂತರ ಬಂದರೆ ಸಾಮಾನ್ಯವಾಗಿ ಬೇಡ. ‘ಬಿಕಾಸ್’ ಹತ್ತಿರ ಮಾತ್ರ ಎಚ್ಚರ. ‘ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಆಫ್…’ ಅಂತ ಬರೆದರೆ ಅದು ಉಪವಾಕ್ಯವೇ ಅಲ್ಲ, ‘ಬಿಕಾಸ್ ಆಫ್’ ಮುಂದೆ ನಾಮಪದ ಬರುತ್ತದೆ. ಆದರೆ ‘ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ದ ಪೇ ವಾಸ್ ಲೋ’ ಅಂದರೆ ಎರಡು ಅರ್ಥ: ಸಂಬಳ ಕಡಿಮೆಯೆಂದು ರಾಜೀನಾಮೆ ಕೊಟ್ಟಿದ್ದಲ್ಲ, ಬೇರೆ ಕಾರಣಕ್ಕೆ ಕೊಟ್ಟ, ಅಥವಾ ಕೊಡಲೇ ಇಲ್ಲ, ಕಾರಣ ಸಂಬಳ. ಅಲ್ಪವಿರಾಮ ಹಾಕಿದರೆ ಎರಡನೆಯ ಅರ್ಥ ಮಾತ್ರ ಉಳಿಯುತ್ತದೆ. ನಕಾರದ ನಂತರ ‘ಬಿಕಾಸ್’ ಬಂದರೆ ವಾಕ್ಯವನ್ನೇ ತಿರುಗಿಸಿ ಬರೆಯುವುದು ಮೇಲು.

ಪ್ರಶ್ನೆ (ಮೊದಲಿನವರು): ‘ಐ ಡೋಂಟ್ ನೋ ವೇರ್ ಈಸ್ ಹಿ’ ಕೂಡ ಇದೇ ಗುಂಪಿನ ತಪ್ಪಾ?

ಉತ್ತರ (ಬೋಧಕಿ): ಅಲ್ಲ, ಕೊಂಡಿ ಸರಿಯಾಗಿದೆ, ಕ್ರಮ ತಪ್ಪಿದೆ. ‘ಅವನು ಎಲ್ಲಿದ್ದಾನೆ?’, ‘ಅವನು ಎಲ್ಲಿದ್ದಾನೋ ಗೊತ್ತಿಲ್ಲ’ ಎರಡರಲ್ಲೂ ಪದಗಳ ಸಾಲು ಒಂದೇ, ಕೊನೆಗೊಂದು ‘ಓ’ ಸೇರಿತು ಅಷ್ಟೆ. ಇಂಗ್ಲಿಷ್‌ನಲ್ಲಿ ಪ್ರಶ್ನೆ ಅಧೀನವಾದರೆ ಕರ್ತೃ ಕ್ರಿಯಾಪದಕ್ಕಿಂತ ಮೊದಲು ಬರಬೇಕು: ‘ವೇರ್ ಹಿ ಈಸ್’. ‘ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ’ ಅನ್ನುವುದನ್ನು ‘ಹೂ ಸ್ಟಡೀಸ್, ದೇ ವಿಲ್ ಪಾಸ್’ ಮಾಡುವುದೂ ಕನ್ನಡದ ಜೋಡಿ ಪದಗಳನ್ನು ಹಾಗೇ ಎತ್ತಿಟ್ಟ ತಪ್ಪು. ‘ದೋಸ್ ಹೂ ಸ್ಟಡಿ ವಿಲ್ ಪಾಸ್’ ಅನ್ನಿ.

ಪ್ರಶ್ನೆ: ಕೊನೆಯದು. ‘ದ ಮ್ಯಾನ್ ಹೂ ಸೋಲ್ಡ್ ಮಿ ದಿಸ್ ಬೈಕ್ ಸೇಸ್ ಹಿ ನೆವರ್ ಮೆಟ್ ಮಿ.’ ಇಲ್ಲಿ ಕ್ರಿಯೆ 3, ಕೊಂಡಿ ‘ಹೂ’ ಒಂದೇ. ಲೆಕ್ಕ ತಪ್ಪುತ್ತಿದೆಯಲ್ಲ?

ಉತ್ತರ (ಸಂಪಾದಕ): ಇನ್ನೊಂದು ಕೊಂಡಿ ಅಡಗಿದೆ. ‘ಸೇಸ್’ ನಂತರ ‘ದಟ್’ ಬಿಟ್ಟಿದ್ದಾರೆ. ‘ಸೇ, ನೋ, ಥಿಂಕ್’ ಮುಂದೆ ಅದನ್ನು ಬಿಡುವುದು ರೂಢಿ. ಅಲ್ಲಿ ‘ದಟ್’ ಇಟ್ಟು ಓದಿ: ಕ್ರಿಯೆ 3, ಕೊಂಡಿ 2. ‘ಹೂ ಸೋಲ್ಡ್ ಮಿ ದಿಸ್ ಬೈಕ್’ ಮನುಷ್ಯನನ್ನು ಗುರುತಿಸುತ್ತದೆ, ‘ಹಿ ನೆವರ್ ಮೆಟ್ ಮಿ’ ಅವನು ಹೇಳಿದ್ದೇನು ಅನ್ನುವುದನ್ನು ತುಂಬುತ್ತದೆ. ಕೊಂಡಿಯಿಲ್ಲದೆ ನಿಂತದ್ದು ‘ದ ಮ್ಯಾನ್… ಸೇಸ್’. ಪ್ರಧಾನ ಕ್ರಿಯೆ ‘ಸೇಸ್’.