ಪದಚರ್ಚೆ: ಊರಿನ ಹಳ್ಳ, ಕೆರೆಗೆ ‘ಆಸ್ತಿ’ ಅನ್ನಬಹುದೇ?

ಬಳಗದ ಎಲ್ಲರಿಗೂ ಬೀದರಿನಿಂದ ನಮಸ್ಕಾರ.

ಇಲ್ಲಿನ ವಾರ್ಡ್ ಸದಸ್ಯರು, ನೀರು ಬಿಡುವ ಸಿಬ್ಬಂದಿ ಓದಲೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯುದ್ಧ ಕಂಡ ಕರಾವಳಿ ಊರುಗಳು ತಮ್ಮ ಕೆರೆ, ಹಿನ್ನೀರು, ಕಾಂಡ್ಲಾ ಕಾಡು (ಮ್ಯಾಂಗ್ರೋವ್), ನೆಲದಡಿಯ ನೀರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ವಿಷಯ. ಉದಾಹರಣೆ ಹೆಚ್ಚಾಗಿ ಶ್ರೀಲಂಕಾದ ಜಾಫ್ನಾದ್ದು. ಮೇಲಿಂದ ಮೇಲೆ ಬರುವ ಮಾತು ‘ನ್ಯಾಚುರಲ್ ಅಸೆಟ್’. ಇದಕ್ಕೆ ಏನು ಹೇಳೋಣ?

ಇಲ್ಲಿ ಅಸೆಟ್ ಅಂದರೆ ಮಾರಿ ದುಡ್ಡು ಮಾಡುವ ವಸ್ತು ಅಲ್ಲ. ಪೈಪು, ಪಂಪು, ಚರಂಡಿಯ ಹಾಗೆ ಊರಿಗೆ ದಿನವೂ ಕೆಲಸ ಮಾಡಿಕೊಡುವ ಹಳ್ಳ, ಜೌಗು, ಕಾಡು. ಅವಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು ಬೇಕು. ಈಗ ಹೇಗಿದೆ ಅನ್ನುವ ಷರಾ ಬೇಕು. ಬಜೆಟಿನಲ್ಲಿ ಖರ್ಚಿನ ದುಡ್ಡೂ ಬೇಕು. ಕೆನಡಾದ ಗಿಬ್ಸನ್ಸ್ ಎಂಬ ಸಣ್ಣ ಪಟ್ಟಣ 2014ರಲ್ಲೇ ಇದನ್ನು ತನ್ನ ನೀತಿಯಲ್ಲಿ ಬರೆದುಕೊಂಡಿತು.

‘ಆಸ್ತಿ’ ಅಂದ ಕೂಡಲೇ ನಮ್ಮ ಕಡೆ ಪಹಣಿ, ಪಾಲು, ತಕರಾರು ನೆನಪಾಗುತ್ತವೆ. ಕೆರೆ ಊರಿನ ಆಸ್ತಿ ಅಂದರೆ, ಹಾಗಾದರೆ ಸೈಟ್ ಮಾಡಿ ಹಂಚಬಹುದಲ್ವಾ ಅಂತ ಕೇಳುವವರಿದ್ದಾರೆ. ‘ಸಂಪನ್ಮೂಲ’ ಮರಳು, ಕಲ್ಲಿನ ಹಾಗೆ ತೆಗೆದು ಬಳಸುವ ವಸ್ತುವಿನ ಕಡೆ ವಾಲುತ್ತದೆ. ‘ಸಂಪತ್ತು’ ಭಾಷಣಕ್ಕೆ ಸರಿ, ರಿಜಿಸ್ಟರಿಗೆ ಅಲ್ಲ.

‘ಸ್ವತ್ತು’ ಹತ್ತಿರ ಬರುತ್ತದೆ, ಕಚೇರಿಯಲ್ಲಿ ರೂಢಿಯೂ ಇದೆ. ಆದರೆ ಜಾಫ್ನಾದ ಸಂದರ್ಭಕ್ಕೆ ಚುಚ್ಚುತ್ತದೆ. ಅಲ್ಲಿ ಯುದ್ಧ ಮುಗಿದಿದ್ದು 2009ರ ಮೇ ತಿಂಗಳಲ್ಲಿ. ಆಮೇಲೂ ಎಷ್ಟೋ ಜಮೀನು ಸೈನ್ಯದ ಕೈಯಲ್ಲೇ ಉಳಿಯಿತು. ನೆಲಬಾಂಬು ತೆಗೆಯುವವರೆಗೆ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಯಾರದು ಅನ್ನುವುದೇ ಅಲ್ಲಿ ಹಸಿ ಗಾಯ. ‘ಈ ಹಿನ್ನೀರು ಪುರಸಭೆಯ ಸ್ವತ್ತು’ ಅಂತ ಬರೆದರೆ ಮೀನುಗಾರರ ಕೈಯಿಂದ ಕಿತ್ತುಕೊಂಡಂತೆ ಕೇಳಿಸುತ್ತದೆ.

‘ನಿರ್ವಹಣೆ’ಯದು ಇನ್ನೂ ದೊಡ್ಡ ತೊಡಕು. ಮ್ಯಾನೇಜ್‌ಮೆಂಟಿಗೂ ಅದೇ, ಮೇಂಟೆನೆನ್ಸಿಗೂ ಅದೇ. ಟೆಂಡರ್ ಓದಿದವರಿಗೆ ಅದು ರಿಪೇರಿ ಅಷ್ಟೇ. ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ನೀರು ಸುಣ್ಣಕಲ್ಲಿನೊಳಗೆ ಇಳಿದು, ಉಪ್ಪು ನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಜಾಸ್ತಿ ಎತ್ತಿದರೆ ಬಾವಿಗೆ ಉಪ್ಪು ಬರುತ್ತದೆ. ಎಷ್ಟು ಎತ್ತಬೇಕು, ಕೆರೆಯ ಹೂಳು ಯಾವಾಗ ತೆಗೆಯಬೇಕು, ಪಾಯಿಖಾನೆ ಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು, ಇವೆಲ್ಲ ಆ ಒಂದು ಪದದಲ್ಲಿ ಬರಬೇಕು. ನನಗೆ ‘ಉಸ್ತುವಾರಿ’ ಒಪ್ಪುತ್ತದೆ. ಅದರಲ್ಲಿ ಹೊಣೆ ಇದೆ, ಒಡೆತನ ಇಲ್ಲ.

ನಮ್ಮ ಬೀದರಿನ ನೌಬಾದಿನ ಕರೇಜ್, ಅಂದರೆ ನೆಲದಡಿ ಸುರಂಗದಲ್ಲಿ ನೀರು ತರುವ ಹಳೆಯ ಏರ್ಪಾಟು, ನೋಡಿ. ಬಹಮನಿ ಕಾಲದ್ದು. ಸುರಂಗ ಮನುಷ್ಯರು ತೋಡಿದ್ದು, ಅದಕ್ಕೆ ಬರುವ ನೀರು ಜಂಬಿಟ್ಟಿಗೆ ಕಲ್ಲಿನ ನೆಲ ಹಿಂಗಿಸಿಕೊಂಡದ್ದು. ‘ನಿಸರ್ಗದ’ ಅನ್ನುವ ವಿಶೇಷಣ ಇದಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಆದರೆ ಪಟ್ಟಿಯಿಂದ ಇದನ್ನು ಬಿಡಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ರಿಜಿಸ್ಟರಿನ ಮಟ್ಟಿಗೆ ‘ನಿಸರ್ಗದ ಸ್ವತ್ತು’, ಉಳಿದ ಕಡೆ ‘ಊರಿನ ಉಸ್ತುವಾರಿಯ ಜಲ, ಕಾಡು’ ಅಂತ ಬಿಡಿಸಿ ಬರೆದಿದ್ದೇನೆ. ದನ ಮೇಯಿಸುವ ನೆಲಕ್ಕೆ ‘ಗಾಯರಾಣ’ ಅಂತೀವಲ್ಲ, ಹಾಗೆ ಊರು ಕಾಯಬೇಕಾದ ಹಳ್ಳ, ಕುಂಟೆಗೂ ಕಲಬುರಗಿ, ಯಾದಗಿರಿ ಕಡೆಯ ಹಳೆಯ ಕಂದಾಯ ಕಾಗದಗಳಲ್ಲಿ ಪದವೇನಾದರೂ ಇದೆಯೇ? ಕುಂದಾಪುರ, ಕುಮಟಾದವರು ‘ಕಾಂಡ್ಲಾ ಕಾಡು’ ಸರಿಯೇ ಅಂತಲೂ ತಿಳಿಸಿ.